ಓದುಗರ ಪ್ರಶ್ನೆ: ಚೀನಾದವರಿಗೆ ಚೀನಾ ಹೇಗೆ ಕಾಣುತ್ತದೆ?

ಚೀನಾ ಬಗ್ಗೆ ಏನಾದರೂ ಕೇಳಬೇಕಿದ್ದರೆ ಬರೆಯಿರಿ ಎಂದು ಹೋದ ಸಂಚಿಕೆಯಲ್ಲಿ ಹೇಳಿದ್ದೆ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಿಂದ ಪತ್ರ, ವಾಟ್ಸ್‌ಆ್ಯಪ್ ಸಂದೇಶ ಎಲ್ಲಾ ಬಂದಿವೆ. ಚೀನಾ ನಮಗೆ ಏನು ಮಾಡಿತು, ಮುಂದೆ ಏನು ಮಾಡಬಹುದು ಎಂದು ಟಿವಿಯಲ್ಲಿ ದಿನಾ ಕೇಳುತ್ತೇವೆ. ಅಲ್ಲಿನ ಜನ ತಮ್ಮ ದೇಶವನ್ನು ಹೇಗೆ ನೋಡುತ್ತಾರೆ ಎನ್ನುವುದು ಮಾತ್ರ ನಮ್ಮ ಕಿವಿಗೆ ಬೀಳುವುದೇ ಕಡಿಮೆ. ಅದಕ್ಕೇ ಈ ಸಲ ಎಲ್ಲಾ ಉತ್ತರವನ್ನೂ ಆ ಕಡೆ ನಿಂತು ಕೊಡಲು ನೋಡಿದ್ದೇನೆ. ಬಟ್ಟೆ ವ್ಯಾಪಾರದಲ್ಲಿದ್ದಾಗ ಝೆಜಿಯಾಂಗ್ ಪ್ರಾಂತ್ಯದ ಕೆಚಿಯಾವೊ ಬಟ್ಟೆ ಮಾರುಕಟ್ಟೆಗೆ ಹೋಗಿ ಬರುತ್ತಿದ್ದೆ. ಆಗ ಪರಿಚಯವಾದ ಕೆಲವರ ಜೊತೆ ಈಗಲೂ ಮಾತುಕತೆ ಇದೆ. ಅವರಿಂದ ಕೇಳಿದ್ದು, ನಾನು ಓದಿದ್ದು ಎರಡೂ ಇಲ್ಲಿವೆ.

ಪ್ರಶ್ನೆ: ಅಲ್ಲಿನ ಸಾಮಾನ್ಯ ಜನಕ್ಕೆ ತಮ್ಮ ದೇಶದ ಬಗ್ಗೆ ನಿಜವಾಗಲೂ ಹೆಮ್ಮೆ ಇದೆಯಾ ಸಾರ್, ಇಲ್ಲಾ ಭಯಕ್ಕೆ ಹಾಗೆ ಹೇಳ್ತಾರಾ?
(ಬಟ್ಟೆ ಅಂಗಡಿಯವರು, ಚೌಕಿಪೇಟೆ, ದಾವಣಗೆರೆ)

ಹೆಮ್ಮೆ ನಿಜವಾದದ್ದೇ ಸಾರ್. ಅದು ಎಲ್ಲಿಂದ ಬಂತು ಎಂದು ತಿಳಿಯಬೇಕಾದರೆ ಮೊದಲು ಅವರ ವಯಸ್ಸು ಕೇಳಬೇಕು.

75 ದಾಟಿದವರು 1959ರಿಂದ 1961ರವರೆಗಿನ ಬರಗಾಲದಲ್ಲಿ ಬದುಕಿ ಉಳಿದವರು. ಆಗಿನ ನಾಯಕ ಮಾವೋ ಕಾಲದಲ್ಲಿ ರೈತರ ಜಮೀನು, ದನ, ಅಡುಗೆ ಪಾತ್ರೆ ಎಲ್ಲವೂ ಕಮ್ಯೂನಿಗೆ, ಅಂದರೆ ಎಲ್ಲರೂ ಒಟ್ಟಿಗೆ ದುಡಿಯುವ ಸಾಮೂಹಿಕ ಬೇಸಾಯಕ್ಕೆ ಸೇರಿತು. ಅಧಿಕಾರಿಗಳು ಬೆಳೆ ಇಲ್ಲದಿದ್ದರೂ ಇದೆ ಎಂದು ಮೇಲಕ್ಕೆ ಸುಳ್ಳು ಲೆಕ್ಕ ಕಳಿಸಿದರು, ಆ ಲೆಕ್ಕ ನಂಬಿ ಸರ್ಕಾರ ಧಾನ್ಯ ಎತ್ತಿಕೊಂಡು ಹೋಯಿತು, ಹಳ್ಳಿಗಳಲ್ಲಿ ಜನ ಮರದ ತೊಗಟೆ ತಿಂದರು. ಕಡಿಮೆ ಲೆಕ್ಕ ಹಿಡಿದವರೂ ಒಂದೂವರೆ ಕೋಟಿ ಜನ ಸತ್ತರು ಎನ್ನುತ್ತಾರೆ. ಅದು ಮುಗಿದು ಉಸಿರು ಬಿಡುವಷ್ಟರಲ್ಲಿ 1966ರಲ್ಲಿ, ಹಳೆಯದನ್ನೆಲ್ಲಾ ಅಳಿಸಿ ಎಂದು ಮಾವೋ ಕರೆ ಕೊಟ್ಟ ಸಾಂಸ್ಕೃತಿಕ ಕ್ರಾಂತಿ ಶುರುವಾಯಿತು. ಕಾಲೇಜು ಮುಚ್ಚಿದವು, ವಿದ್ಯಾರ್ಥಿಗಳೇ ಮೇಷ್ಟ್ರನ್ನು ಬೀದಿಗೆ ಎಳೆದು ಹೊಡೆದರು. ಹತ್ತು ವರ್ಷ ಇದು ನಡೆಯಿತು.

ಆಮೇಲಿನ ಕಥೆ ಒಂದು ಹಳ್ಳಿಯಿಂದ ಶುರುವಾಗುತ್ತದೆ. ಆನ್‌ಹುಯಿ ಪ್ರಾಂತ್ಯದ ಶಿಯಾವ್‌ಗಾಂಗ್‌ನಲ್ಲಿ 1978ರ ಚಳಿಗಾಲದಲ್ಲಿ 18 ರೈತ ಕುಟುಂಬಗಳು ಗುಟ್ಟಾಗಿ ಸೇರಿ ಕಮ್ಯೂನಿನ ಜಮೀನನ್ನು ಮನೆ ಮನೆಗೆ ಹಂಚಿಕೊಂಡವು. ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದರು. ಇದು ಹೊರಗೆ ಬಂದು ಮುಂದಾಳುಗಳು ಜೈಲಿಗೆ ಹೋದರೆ ಅವರ ಮಕ್ಕಳನ್ನು 18 ವರ್ಷದವರೆಗೆ ಉಳಿದವರು ಸಾಕಬೇಕು ಎಂದು ಬರೆದುಕೊಂಡರು. ಮುಂದಿನ ವರ್ಷ ಕಣ ತುಂಬಿತು. ಮಾವೋ ಸತ್ತ ಮೇಲೆ ದೇಶ ನಡೆಸಿದ ಡೆಂಗ್ ಶಿಯಾವೊಪಿಂಗ್ ಕಾಲದ ಸರ್ಕಾರ ಅವರನ್ನು ಹಿಡಿದು ಹಾಕುವ ಬದಲು ಅದೇ ಪದ್ಧತಿಯನ್ನು ದೇಶಕ್ಕೆಲ್ಲಾ ತಂದಿತು. 1980ರಲ್ಲಿ ಶೆನ್‌ಝೆನ್ ವಿಶೇಷ ಆರ್ಥಿಕ ವಲಯ ಆಯಿತು, 2001ರಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆ ಸೇರಿತು, 2010ರಲ್ಲಿ ಆರ್ಥಿಕತೆಯ ಗಾತ್ರದಲ್ಲಿ ಜಪಾನನ್ನು ಹಿಂದೆ ಹಾಕಿತು. 1990ರಲ್ಲಿ ಅವರ ತಲಾ ಆದಾಯ ನಮಗಿಂತ ಸ್ವಲ್ಪ ಕಡಿಮೆಯೇ ಇತ್ತು. ಈಗ ಅವರದು ಸುಮಾರು 13,000 ಡಾಲರ್, ನಮ್ಮದು 2,700ರ ಆಸುಪಾಸು.

ಧಾನ್ಯದ ಕೂಪನ್ ಇಲ್ಲದೆ ಅಕ್ಕಿ ಸಿಗುತ್ತಿರಲಿಲ್ಲ, ಆ ಕೂಪನ್ ನಿಂತದ್ದೇ 1993ರಲ್ಲಿ. ಇದನ್ನೆಲ್ಲಾ ಕಂಡ 60 ವರ್ಷದ ಒಬ್ಬ ಬಟ್ಟೆ ವ್ಯಾಪಾರಿಗೆ ಇವತ್ತು ಮಗನ ಕಾರು, ಗಂಟೆಗೆ 300 ಕಿಲೋಮೀಟರ್ ಓಡುವ ರೈಲು ನೋಡಿದರೆ ಏನನ್ನಿಸಬೇಕು? ಆ ಹೆಮ್ಮೆಯನ್ನು ಅಲ್ಲಿ ಆಳುವ ಕಮ್ಯುನಿಸ್ಟ್ ಪಕ್ಷದವರು ಹೇಳಿಕೊಡಬೇಕಾಗಿಲ್ಲ. ಅವನು ಹೋಲಿಸುವುದು ನಮ್ಮ ಜೊತೆಯೂ ಅಲ್ಲ, ಅಮೆರಿಕದ ಜೊತೆಯೂ ಅಲ್ಲ, ತನ್ನ ಅಪ್ಪ ಹಸಿದಿದ್ದ ದಿನಗಳ ಜೊತೆ. ಚೀನಾ ಬಗ್ಗೆ ಬೇರೆ ಏನು ಮರೆತರೂ ಇದೊಂದು ನೆನಪಿಟ್ಟುಕೊಳ್ಳಿ.

ಎಲ್ಲರಿಗೂ ಹೀಗೇ ಒಳ್ಳೆಯದಾಯಿತು ಅಂತ ಅಲ್ಲ. 1990ರ ದಶಕದ ಕೊನೆಯಲ್ಲಿ ನಷ್ಟದ ಸರ್ಕಾರಿ ಕಾರ್ಖಾನೆಗಳನ್ನು ಮುಚ್ಚಿದಾಗ ಕೋಟಿಗಟ್ಟಲೆ ಕಾರ್ಮಿಕರು ಬೀದಿಗೆ ಬಿದ್ದರು. ಸಾಯುವ ತನಕ ಕೆಲಸ, ಮನೆ, ಆಸ್ಪತ್ರೆ ಎಲ್ಲಾ ಕಾರ್ಖಾನೆಯದೇ ಎಂದು ನಂಬಿದ್ದವರು ಅವರು. ಈಶಾನ್ಯದ ಲಿಯಾವ್‌ನಿಂಗ್, ಹೆಯ್‌ಲಾಂಗ್‌ಜಿಯಾಂಗ್ ಕಡೆ ಆ ನೋವು ಇನ್ನೂ ಆರಿಲ್ಲ. ನಮ್ಮ ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ್ದು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಸೈರನ್ನಿಗೆ ಎದ್ದು ಹೋಗುತ್ತಿದ್ದ ಮನುಷ್ಯ ಒಂದು ಬೆಳಿಗ್ಗೆ ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗದೆ ಕೂರುವುದು ಎಲ್ಲಾ ದೇಶದಲ್ಲೂ ಒಂದೇ ಥರದ ಸಂಕಟ.

35ರ ಒಳಗಿನವರ ಮಾತು ಬೇರೆ. ಅವರು ಹಸಿವು ಕಂಡಿಲ್ಲ. ಪ್ರತಿ ವರ್ಷ ನಿನ್ನೆಗಿಂತ ಇವತ್ತು ಚೆನ್ನಾಗಿರುತ್ತದೆ ಎನ್ನುವ ಕಾಲದಲ್ಲಿ ಹುಟ್ಟಿ, ಕೆಲಸಕ್ಕೆ ಹೊರಡುವ ಹೊತ್ತಿಗೆ ಅದು ನಿಂತುಹೋಯಿತು. ಅಪ್ಪನಿಗೆ ಹೋಲಿಸಲು ಕೆಟ್ಟ ನಿನ್ನೆ ಇತ್ತು, ಮಗನಿಗೆ ಅದಿಲ್ಲ. ಈಗ ಒಂದೇ ಮನೆಯಲ್ಲಿ ಅಪ್ಪ ಮಗ ದೇಶದ ಬಗ್ಗೆ ಬೇರೆ ಬೇರೆ ಮಾತಾಡುತ್ತಾರೆ.

ಪ್ರಶ್ನೆ: 2005ರಿಂದ 2010ರವರೆಗೆ ನಮ್ಮ ಲಾರಿಗಳು ಹಗಲು ರಾತ್ರಿ ಅದಿರು ಹೊಡೆದವು. ಎಲ್ಲಾ ಚೀನಾಕ್ಕೆ ಹೋಗುತ್ತೆ ಅಂತಿದ್ರು. ಅಷ್ಟೊಂದು ಕಬ್ಬಿಣ ತಗೊಂಡು ಅವರು ಮಾಡಿದ್ದೇನು?
(ಹಿಂದೆ ಲಾರಿ ಮಾಲೀಕರಾಗಿದ್ದವರು, ಚಿತ್ರದುರ್ಗ)

ಊರು ಕಟ್ಟಿದರು ಅಣ್ಣಾ. 2000ದಲ್ಲಿ ಚೀನಾ ತಯಾರಿಸಿದ ಉಕ್ಕು ಸುಮಾರು 13 ಕೋಟಿ ಟನ್, 2010ಕ್ಕೆ ಅದು ಸುಮಾರು 64 ಕೋಟಿ ಟನ್. ಈಗ ಜಗತ್ತಿನ ಅರ್ಧಕ್ಕಿಂತ ಜಾಸ್ತಿ ಉಕ್ಕು ಅವರದೇ. ಅದಿರಿನಲ್ಲಿ ದೊಡ್ಡ ಪಾಲು ಆಸ್ಟ್ರೇಲಿಯಾ, ಬ್ರೆಜಿಲ್‌ನದು, ಆದರೆ ಆ ವರ್ಷಗಳಲ್ಲಿ ನಮ್ಮ ಬಳ್ಳಾರಿ, ಚಿತ್ರದುರ್ಗದ ಕೆಂಪು ಮಣ್ಣೂ ಹಡಗು ಹತ್ತಿತು. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್ ಇತ್ತು. ಅದೇ ವರ್ಷ ಅಮೆರಿಕದ ಬ್ಯಾಂಕುಗಳು ಕುಸಿದಾಗ ಚೀನಾ ಸರ್ಕಾರ 4 ಲಕ್ಷ ಕೋಟಿ ಯುವಾನ್ ಹಾಕಿ ರಸ್ತೆ, ರೈಲು, ಸೇತುವೆ, ಫ್ಲಾಟು ಕಟ್ಟಲು ಹೊರಟಿತು. ಬೀಜಿಂಗ್‌ನಿಂದ ಶಾಂಘೈಗೆ 1,318 ಕಿಲೋಮೀಟರ್, 2011ರಲ್ಲಿ ಆ ವೇಗದ ರೈಲು ಮಾರ್ಗ ತೆರೆಯಿತು. ಈಗ ನಾಲ್ಕೂವರೆ ಗಂಟೆಯಲ್ಲಿ ಹೋಗಬಹುದು. ಇಂಥ ಮಾರ್ಗ 2024ರ ಕೊನೆಗೆ 48,000 ಕಿಲೋಮೀಟರ್ ಆಗಿತ್ತು.

ನಮ್ಮ ಕಡೆ ಕಥೆ ಹೇಗೆ ಮುಗಿಯಿತು ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 2010ರಲ್ಲಿ ರಾಜ್ಯ ಸರ್ಕಾರ ರಫ್ತು ನಿಲ್ಲಿಸಿತು, 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ, ಚಿತ್ರದುರ್ಗ, ತುಮಕೂರು ಮೂರೂ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿತು. ಸಾಲ ಮಾಡಿ ಲಾರಿ ತಂದವರ ಕಂತು ನಿಲ್ಲಲಿಲ್ಲ.

ಅವರ ಕಡೆಯೂ ಕಥೆ ಸುಖವಾಗಿ ಮುಗಿದಿಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚೀನಾದಲ್ಲಿ ನಗರದ ಭೂಮಿ ಎಲ್ಲಾ ಸರ್ಕಾರದ್ದು. ಮನೆ ಕೊಂಡರೆ ಕೆಳಗಿನ ಜಾಗ ನಿಮ್ಮದಲ್ಲ, 70 ವರ್ಷ ಬಳಸುವ ಹಕ್ಕು ಮಾತ್ರ. ಆ ಹಕ್ಕನ್ನು ಬಿಲ್ಡರ್‌ಗಳಿಗೆ ಮಾರಿಯೇ ಸ್ಥಳೀಯ ಸರ್ಕಾರಗಳು ಖಜಾನೆ ತುಂಬಿಸಿಕೊಂಡವು. ಎಷ್ಟು ಬೆಳವಣಿಗೆ ತೋರಿಸಿದರೆ ಅಧಿಕಾರಿಗೆ ಅಷ್ಟು ಬೇಗ ಬಡ್ತಿ. ಹಾಗಾಗಿ ಜನ ಬರುತ್ತಾರೋ ಇಲ್ಲವೋ ಎಂದು ನೋಡದೆ ಗೋಪುರಗಳ ಮೇಲೆ ಗೋಪುರ ಎದ್ದವು. ಜನಕ್ಕೂ ಬೇರೆ ದಾರಿ ಇರಲಿಲ್ಲ. ಬ್ಯಾಂಕಿನಲ್ಲಿ ಬಡ್ಡಿ ಕಡಿಮೆ, ಷೇರು ಪೇಟೆ ಮೇಲೆ ನಂಬಿಕೆ ಇಲ್ಲ, ಮನೆ ಇಲ್ಲದ ಗಂಡಿಗೆ ಹೆಣ್ಣು ಕೊಡುವುದಿಲ್ಲ. ಮುಂಗಡ ಹಣಕ್ಕೆ ಗಂಡ ಹೆಂಡತಿ ಇಬ್ಬರ ಅಪ್ಪ ಅಮ್ಮ, ಅಜ್ಜ ಅಜ್ಜಿ ಎಲ್ಲರ ಉಳಿತಾಯವೂ ಹೋಯಿತು. ಕಟ್ಟುವ ಮೊದಲೇ ಪೂರ್ತಿ ದುಡ್ಡು ಕೊಟ್ಟು ಬುಕ್ ಮಾಡುವುದು ಅಲ್ಲಿ ರೂಢಿ.

2020ರಲ್ಲಿ ಬಿಲ್ಡರ್‌ಗಳ ಸಾಲಕ್ಕೆ ಸರ್ಕಾರ ಮಿತಿ ಹಾಕಿತು. 30,000 ಕೋಟಿ ಡಾಲರ್ ಸಾಲ ಹೊತ್ತಿದ್ದ ಎವರ್‌ಗ್ರ್ಯಾಂಡ್ ಎಂಬ ದೊಡ್ಡ ಬಿಲ್ಡರ್ ಕಂಪನಿ 2021ರಲ್ಲಿ ಸಾಲ ತೀರಿಸಲಾಗದೆ ಕೈ ಎತ್ತಿತು, 2024ರ ಜನವರಿಯಲ್ಲಿ ಹಾಂಗ್‌ಕಾಂಗ್ ಕೋರ್ಟ್ ಅದನ್ನು ಮುಚ್ಚಲು ಆದೇಶಿಸಿತು. ಅರ್ಧಕ್ಕೆ ನಿಂತ ಕಟ್ಟಡಗಳಲ್ಲಿ ಕರೆಂಟು, ನೀರು ಇಲ್ಲದೆ ಜನ ವಾಸಕ್ಕೆ ಹೋಗಿದ್ದೂ ಇದೆ, ಯಾಕೆಂದರೆ ಬಾಡಿಗೆಯನ್ನೂ ಕಂತನ್ನೂ ಒಟ್ಟಿಗೆ ಕಟ್ಟಲು ಅವರಿಂದ ಆಗುತ್ತಿರಲಿಲ್ಲ. 2022ರಲ್ಲಿ ಹತ್ತಾರು ಊರುಗಳಲ್ಲಿ ಮನೆ ಕೊಂಡವರು ಕಟ್ಟಡ ಮುಗಿಸುವ ತನಕ ಕಂತು ಕಟ್ಟುವುದಿಲ್ಲ ಎಂದು ಒಟ್ಟಾಗಿ ಹೇಳಿದರು. ಚೀನಾದ ಆರ್ಥಿಕತೆ ಹೇಗಿದೆ ಎಂದು ಅಲ್ಲಿನ ಮಧ್ಯಮ ವರ್ಗದವರನ್ನು ಕೇಳಿದರೆ ಅವರು ರಫ್ತಿನ ಲೆಕ್ಕ ಹೇಳುವುದಿಲ್ಲ, ನಮ್ಮ ಫ್ಲಾಟಿನ ಬೆಲೆ ಇಷ್ಟು ಇಳಿದಿದೆ ಎನ್ನುತ್ತಾರೆ. ಇದ್ದ ಆಸ್ತಿಯಲ್ಲಿ ದೊಡ್ಡ ಪಾಲು ಅದರಲ್ಲೇ ಇದೆ.

ಪ್ರಶ್ನೆ: ಚೀನಾದವರು ದೇವರನ್ನು ನಂಬ್ತಾರಾ?
(ಗೃಹಿಣಿ, ಹೊಳಲ್ಕೆರೆ)

ಕಮ್ಯುನಿಸ್ಟ್ ಪಕ್ಷದ ಸದಸ್ಯರು ನಂಬಬಾರದು ಎಂದು ನಿಯಮ ಇದೆ ಮೇಡಂ. ಜನಕ್ಕೆ ದೇವರಿಗಿಂತ ಹಿರಿಯರು ದೊಡ್ಡವರು. ಏಪ್ರಿಲ್ ಮೊದಲ ವಾರದ ಚಿಂಗ್‌ಮಿಂಗ್ ದಿನ ಎಲ್ಲರೂ ಊರಿಗೆ ಹೋಗಿ ಹಿರಿಯರ ಸಮಾಧಿ ಗುಡಿಸಿ, ಹಣ್ಣು, ತಿಂಡಿ ಇಟ್ಟು, ಕಾಗದದ ದುಡ್ಡು ಸುಡುತ್ತಾರೆ. ನಮ್ಮ ಮಹಾಲಯ ಅಮಾವಾಸ್ಯೆಗೆ ಎಡೆ ಇಡುವವರಿಗೆ ಅದರಲ್ಲಿ ಹೊಸದೇನೂ ಕಾಣುವುದಿಲ್ಲ. ಸಾಂಸ್ಕೃತಿಕ ಕ್ರಾಂತಿಯಲ್ಲಿ ಗುಡಿಗಳನ್ನು ಒಡೆದಿದ್ದರು, ಈಗ ಮತ್ತೆ ಕಟ್ಟಿದ್ದಾರೆ. ಕೆಲಸ ಸಿಗದ ಹುಡುಗ ಹುಡುಗಿಯರು ಊದುಬತ್ತಿ ಹಚ್ಚಲು ಬೀಜಿಂಗ್‌ನ ಯೊಂಗ್‌ಹೆ ಬೌದ್ಧ ಗುಡಿಯ ಮುಂದೆ ಸಾಲು ನಿಲ್ಲುತ್ತಾರೆ.

ಪ್ರಶ್ನೆ: ನಾವು ಮಕ್ಕಳನ್ನು ಅಜ್ಜಿ ಹತ್ರ ಬಿಟ್ಟು ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಬಂದಿದೀವಿ. ಚೀನಾದಲ್ಲೂ ಹೀಗೇ ಅಂತೆ, ಹೌದಾ ಸಾರ್?
(ಜಗಳೂರು ತಾಲ್ಲೂಕಿನ ತಾಯಿ)

ಹೌದಮ್ಮಾ. ನಿಮ್ಮಂಥವರು ಅಲ್ಲಿ ಸುಮಾರು 30 ಕೋಟಿ ಜನ ಇದ್ದಾರೆ. ಚೀನಾದ ಕಾರ್ಖಾನೆ, ಕಟ್ಟಡ, ಹೋಟೆಲ್ ಎಲ್ಲವೂ ನಿಂತಿರುವುದು ಹಳ್ಳಿ ಬಿಟ್ಟು ಬಂದ ಇವರ ರಟ್ಟೆ ಮೇಲೆ.

ನಿಮಗಿಂತ ಅವರಿಗೆ ಒಂದು ಕಷ್ಟ ಜಾಸ್ತಿ. 1958ರಿಂದ ಅಲ್ಲಿ ಹುಕೋ ಎನ್ನುವ ನೋಂದಣಿ ಇದೆ. ನಮ್ಮ ರೇಷನ್ ಕಾರ್ಡ್ ಊರಿಗೆ ಕಟ್ಟಿಹಾಕುತ್ತಿದ್ದ ಕಾಲ ನೆನೆಸಿಕೊಳ್ಳಿ, ಅದಕ್ಕೆ ಶಾಲೆ, ಆಸ್ಪತ್ರೆ, ಪಿಂಚಣಿ ಎಲ್ಲವನ್ನೂ ಸೇರಿಸಿ, ಅದೇ ಹುಕೋ. ಹಳ್ಳಿಯ ಹುಕೋ ಇದ್ದವರು ಶಾಂಘೈಯಲ್ಲಿ 20 ವರ್ಷ ದುಡಿದರೂ ಕಾಗದದಲ್ಲಿ ಹಳ್ಳಿಯವರೇ. ಮಕ್ಕಳಿಗೆ ದೊಡ್ಡ ನಗರದ ಸರ್ಕಾರಿ ಶಾಲೆಯಲ್ಲಿ ಸೀಟು ಸಿಗುವುದು ಕಷ್ಟ, ಸಿಕ್ಕರೂ ಕಾಲೇಜು ಪ್ರವೇಶ ಪರೀಕ್ಷೆಗೆ ಸಾಮಾನ್ಯವಾಗಿ ಹುಕೋ ಇರುವ ಪ್ರಾಂತ್ಯಕ್ಕೇ ವಾಪಸ್ ಹೋಗಬೇಕು. ಸಣ್ಣ ಊರುಗಳಲ್ಲಿ ಈಗ ನಿಯಮ ಸಡಿಲ ಮಾಡಿದ್ದಾರೆ, ಬೀಜಿಂಗ್, ಶಾಂಘೈಯಲ್ಲಿ ಇಲ್ಲ. ಅದಕ್ಕೇ ಕೋಟಿಗಟ್ಟಲೆ ಮಕ್ಕಳು ಅಜ್ಜ ಅಜ್ಜಿಯರ ಜೊತೆ ಬೆಳೆಯುತ್ತಿದ್ದಾರೆ. ಎಷ್ಟೋ ಅಪ್ಪ ಅಮ್ಮಂದಿರು ಮಕ್ಕಳ ಮುಖ ನೋಡುವುದು ಚೀನಾ ಹೊಸ ವರ್ಷಕ್ಕೆ ಮಾತ್ರ. ಜನವರಿ, ಫೆಬ್ರವರಿಯಲ್ಲಿ ಅಲ್ಲಿನ ರೈಲ್ವೆ ಸ್ಟೇಷನ್ ನೋಡಬೇಕು ನೀವು. ಚೀಲ, ಬಕೆಟ್, ಮಕ್ಕಳಿಗೆ ಕೊಂಡ ಜಾಕೆಟ್ ಎಲ್ಲಾ ಹೊತ್ತ ಜನ.

ವಯಸ್ಸಾದ ಮೇಲಿನ ಕಥೆ ಇನ್ನೂ ಬೇಜಾರಿನದು. ಹಳ್ಳಿಯ ಮುದುಕರಿಗೆ ಸಿಗುವ ಪಿಂಚಣಿ ತಿಂಗಳಿಗೆ 200 ಯುವಾನ್ ಆಸುಪಾಸು, ಅಂದರೆ ನಮ್ಮ ದುಡ್ಡಲ್ಲಿ ಎರಡೂವರೆ ಸಾವಿರದ ಹತ್ತಿರ. ನಗರದ ನೌಕರರಿಗೆ ಅದರ ಹತ್ತು ಪಟ್ಟಿಗಿಂತ ಜಾಸ್ತಿ. ದೇಶ ಕಟ್ಟಿದ ಕೈಗಳಿಗೆ ಇಷ್ಟು ಕಡಿಮೆ ಯಾಕೆ ಎಂದು ಅಲ್ಲಿನ ಅರ್ಥಶಾಸ್ತ್ರಜ್ಞರೇ ಕೇಳುತ್ತಿದ್ದಾರೆ. ಕೇಳಲೇಬೇಕಾದ ಪ್ರಶ್ನೆ ಅದು.

ನೀವು ಮಕ್ಕಳನ್ನು ಬೆಂಗಳೂರಿಗೇ ಕರೆತರುವ ಮನಸ್ಸು ಮಾಡಿದರೆ ಕಾನೂನು ನಿಮ್ಮ ಕಡೆ ಇದೆ. ಹತ್ತಿರದ ಸರ್ಕಾರಿ ಶಾಲೆಯವರು ವರ್ಗಾವಣೆ ಪತ್ರ ಇಲ್ಲ, ಬೇರೆ ಊರಿನವರು ಎಂದು ಸೇರಿಸಿಕೊಳ್ಳದೆ ಇರುವಂತಿಲ್ಲ. ಹೋಗಿ ಕೇಳಿ.

ಪ್ರಶ್ನೆ: ಚೀನಾ ಸ್ಟೂಡೆಂಟ್ಸ್ ನಮಗಿಂತ ಬುದ್ಧಿವಂತರಾ? ನಾನು ಸೆಕೆಂಡ್ ಪಿಯುಸಿ, ನೀಟ್‌ಗೆ ಓದ್ತಿದೀನಿ.
(ವಿದ್ಯಾರ್ಥಿ, ಹರಿಹರ)

ಇಲ್ಲ ತಮ್ಮಾ. ನಿನ್ನಷ್ಟೇ ಒತ್ತಡದಲ್ಲಿದ್ದಾರೆ, ಬಹುಶಃ ಸ್ವಲ್ಪ ಜಾಸ್ತಿ. ಅಲ್ಲಿನ ಕಾಲೇಜು ಪ್ರವೇಶ ಪರೀಕ್ಷೆ ಗಾವ್‌ಕಾವ್ ಪ್ರತಿ ವರ್ಷ ಜೂನ್ 7ಕ್ಕೆ ಶುರು. 2024ರಲ್ಲಿ 1 ಕೋಟಿ 34 ಲಕ್ಷ ವಿದ್ಯಾರ್ಥಿಗಳು ನೋಂದಾಯಿಸಿದ್ದರು. ಆ ಎರಡು ಮೂರು ದಿನ ಪರೀಕ್ಷಾ ಕೇಂದ್ರದ ಸುತ್ತ ಕಟ್ಟಡ ಕೆಲಸ ನಿಲ್ಲಿಸುತ್ತಾರೆ, ಹಾರ್ನ್ ಹೊಡೆಯಲು ಬಿಡುವುದಿಲ್ಲ. ಬಡವರ ಮಗನೂ ಅಂಕದ ಬಲದ ಮೇಲೆ ಮೇಲೆ ಬರಬಹುದು ಎಂದು ಚೀನಾದವರು ಇವತ್ತಿಗೂ ನಂಬುವುದು ಈ ಪರೀಕ್ಷೆಯಿಂದ. ಸಾಂಸ್ಕೃತಿಕ ಕ್ರಾಂತಿಯಲ್ಲಿ ನಿಂತಿದ್ದ ಪರೀಕ್ಷೆ 1977ರಲ್ಲಿ ಮತ್ತೆ ಶುರುವಾದಾಗ ಹೊಲದಲ್ಲಿ, ಗಣಿಯಲ್ಲಿ ಇದ್ದವರೆಲ್ಲಾ ಬಂದು ಬರೆದರು. ಆ ಪೀಳಿಗೆಯೇ ಮುಂದೆ ದೇಶ ನಡೆಸಿತು.

ಈಗಿನ ತೊಂದರೆ ಪರೀಕ್ಷೆ ಮುಗಿದ ಮೇಲಿನದು. ವರ್ಷಕ್ಕೆ 1 ಕೋಟಿ 20 ಲಕ್ಷದಷ್ಟು ಪದವೀಧರರು ಹೊರಬರುತ್ತಾರೆ, ಅಷ್ಟು ಒಳ್ಳೆಯ ಕೆಲಸ ಇಲ್ಲ. 2023ರ ಜೂನ್‌ನಲ್ಲಿ ನಗರದ ಯುವಕರಲ್ಲಿ ನಿರುದ್ಯೋಗ ಶೇ 21.3 ಮುಟ್ಟಿತು. ಅದಾದ ಮೇಲೆ ಸರ್ಕಾರ ಕೆಲವು ತಿಂಗಳು ಆ ಅಂಕಿಯನ್ನು ಪ್ರಕಟಿಸುವುದನ್ನೇ ನಿಲ್ಲಿಸಿ, ಮುಂದೆ ಲೆಕ್ಕ ಹಾಕುವ ಕ್ರಮ ಬದಲಿಸಿತು. ಎಂ.ಎ. ಮಾಡಿದವರು ಊಟ ಡೆಲಿವರಿ ಮಾಡುತ್ತಿದ್ದಾರೆ. ಬೆಳಿಗ್ಗೆ 9ರಿಂದ ರಾತ್ರಿ 9, ವಾರಕ್ಕೆ 6 ದಿನ ದುಡಿಸುವ ಕಂಪನಿಗಳಿಂದ ಬೇಸತ್ತು, ಮದುವೆ ಬೇಡ, ಮನೆ ಬೇಡ, ಬದುಕಲು ಬೇಕಾದಷ್ಟು ದುಡಿದರೆ ಸಾಕು ಎನ್ನುವ ಯುವಕರು 2021ರಿಂದ ಬಹಿರಂಗವಾಗಿ ಮಾತಾಡತೊಡಗಿದರು. ಸರ್ಕಾರಕ್ಕೆ ಅದು ಇಷ್ಟವಾಗಲಿಲ್ಲ. ನನಗೆ ಅವರ ಮೇಲೆ ಸಿಟ್ಟು ಬರುವುದಿಲ್ಲ. ಚೆನ್ನಾಗಿ ಓದು, ಹಾಗೇ ನಿದ್ದೆಯನ್ನೂ ಮಾಡು.

ಪ್ರಶ್ನೆ: ಚೀನಾ ರೇಷ್ಮೆ ನಮ್ಮದಕ್ಕಿಂತ ಯಾಕೆ ನುಣುಪು?
(ನೇಕಾರರು, ಮೊಳಕಾಲ್ಮೂರು)

ಅವರದು ಎಲ್ಲಾ ದ್ವಿತಳಿ (ಬೈವೋಲ್ಟೈನ್) ಗೂಡು, ನೂಲು ತೆಗೆಯುವುದು ಸ್ವಯಂಚಾಲಿತ ಯಂತ್ರದಲ್ಲಿ. ಹಾಗಾಗಿ ಎಳೆ ಒಂದೇ ಸಮ ಬರುತ್ತದೆ, ಮಗ್ಗದಲ್ಲಿ ಹಾಸು ಎಳೆಯಾಗಿ ಹಾಕಿದರೆ ಕಡಿಯುವುದು ಕಡಿಮೆ. ಅದೇ ಯಂತ್ರಗಳು ಈಗ ಚೀನಾದಿಂದಲೇ ಕರ್ನಾಟಕಕ್ಕೂ ಬಂದಿವೆ. ಅವರ ಕಡೆಯ ಕಷ್ಟ ಏನೆಂದರೆ, ಹಿಪ್ಪುನೇರಳೆಗೆ ಹೆಸರಾಗಿದ್ದ ಝೆಜಿಯಾಂಗ್, ಜಿಯಾಂಗ್ಸುವಿನಲ್ಲಿ ಕೂಲಿ ಏರಿ, ಹುಳು ಸಾಕಲು ಜನ ಸಿಗದೆ ರೇಷ್ಮೆ ದಕ್ಷಿಣದ ಗ್ವಾಂಗ್‌ಷಿಗೆ ಹೊರಟುಹೋಯಿತು. ಅಲ್ಲೂ ಈಗ ಹುಳು ಮನೆಯಲ್ಲಿ ಇರುವವರು ವಯಸ್ಸಾದವರೇ. ನಮ್ಮ ರೀಲರ್‌ಗಳು ಗುಣಮಟ್ಟ ಹಿಡಿದರೆ ಮುಂದಿನ ದಿನ ನಮ್ಮದಾಗಬಹುದು ಎಂದು ನಾನು ನಂಬಿದ್ದೇನೆ.

ಪ್ರಶ್ನೆ: ಅಲ್ಲಿ ಸರ್ಕಾರವನ್ನು ಬಯ್ಯೋಕೆ ಆಗುತ್ತಾ? ಬಯ್ಯೋಕೆ ಆಗದ ದೇಶದವರು ಹೇಳುವ ಹೆಮ್ಮೆಯನ್ನು ಹೇಗೆ ನಂಬೋದು?
(ಕಾನೂನು ವಿದ್ಯಾರ್ಥಿನಿ, ದಾವಣಗೆರೆ)

ಬಂದ ಪ್ರಶ್ನೆಗಳಲ್ಲಿ ಇದು ಬಹಳ ಮುಖ್ಯವಾದದ್ದು. ಬಯ್ಯುತ್ತಾರಮ್ಮಾ, ತುಂಬಾ ಬಯ್ಯುತ್ತಾರೆ. ಆದರೆ ಊರಿನ ಅಧಿಕಾರಿಯನ್ನು, ಬ್ಯಾಂಕನ್ನು, ಬಿಲ್ಡರನ್ನು. ಬೀಜಿಂಗ್‌ನಲ್ಲಿ ಕೂತವರು ಒಳ್ಳೆಯವರು, ಕೆಳಗಿನವರು ಹಾಳು ಮಾಡುತ್ತಾರೆ ಎನ್ನುವುದು ಅಲ್ಲಿ ಹಳೆಯ ನಂಬಿಕೆ. ರಾಜಧಾನಿಗೆ ಹೋಗಿ ಅಹವಾಲು ಕೊಡುವ ಪದ್ಧತಿ ರಾಜರ ಕಾಲದಿಂದಲೂ ಇದೆ. ಪಕ್ಷದ ಮೇಲೆ, ಅಧ್ಯಕ್ಷ ಷಿ ಜಿನ್‌ಪಿಂಗ್ ಮೇಲೆ ಬರೆದರೆ ಮಾತ್ರ ಬರಹ ಮಾಯ, ಖಾತೆ ಮಾಯ, ಕೆಲವು ಸಲ ಬರೆದವರೂ ಜೈಲಿಗೆ. 1989ರಲ್ಲಿ ಬೀಜಿಂಗ್‌ನ ತಿಯಾನನ್ಮೆನ್ ಚೌಕದ ಬಳಿ ಸೈನ್ಯ ಪ್ರಜಾಪ್ರಭುತ್ವ ಕೇಳಿದ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿಸಿದ್ದು ಅಲ್ಲಿನ ಇಂಟರ್ನೆಟ್ಟಿನಲ್ಲಿ ಸಿಗುವುದಿಲ್ಲ. ಆಗ ಯುವಕರಾಗಿದ್ದವರಿಗೆ ಎಲ್ಲಾ ನೆನಪಿದೆ, ಮಕ್ಕಳ ಮುಂದೆ ಮಾತಾಡುವುದಿಲ್ಲ.

2022ರಲ್ಲಿ ಜನರ ಒಳಗಿನ ಸಿಟ್ಟು ಒಮ್ಮೆ ಒಡೆದು ಹೊರಗೆ ಬಂತು. ಕೋವಿಡ್ ಹೆಸರಲ್ಲಿ ಶಾಂಘೈಯ ಎರಡೂವರೆ ಕೋಟಿ ಜನರನ್ನು ಎರಡು ತಿಂಗಳು ಮನೆಯಲ್ಲಿ ಕೂಡಿಹಾಕಿದರು. ದುಡ್ಡಿದ್ದವರಿಗೂ ತರಕಾರಿ ಸಿಗಲಿಲ್ಲ. ನವೆಂಬರ್ 24ರಂದು ಷಿನ್‌ಜಿಯಾಂಗ್‌ನ ಉರುಮ್ಚಿಯಲ್ಲಿ ಒಂದು ಅಪಾರ್ಟ್‌ಮೆಂಟ್‌ಗೆ ಬೆಂಕಿ ಬಿದ್ದು ಹತ್ತು ಜನ ಸತ್ತರು. ಲಾಕ್‌ಡೌನ್ ತಡೆಗಳಿಂದಲೇ ಅವರು ತಪ್ಪಿಸಿಕೊಳ್ಳಲಿಲ್ಲ ಎಂದು ಜನ ನಂಬಿದರು. ಆಗ ಊರೂರಲ್ಲಿ ಹುಡುಗ ಹುಡುಗಿಯರು ಏನೂ ಬರೆಯದ ಬಿಳಿ ಹಾಳೆ ಹಿಡಿದು ಬೀದಿಗೆ ಬಂದರು. ಡಿಸೆಂಬರ್‌ನಲ್ಲಿ ಸರ್ಕಾರ ನಿರ್ಬಂಧ ತೆಗೆಯಿತು. ಆಮೇಲೆ ಒಬ್ಬೊಬ್ಬರನ್ನೇ ಹುಡುಕಿ ಬಂಧಿಸಿತು ಕೂಡಾ. ಆ ಮಕ್ಕಳ ಧೈರ್ಯವನ್ನು ನಾನು ಬಹಳ ಗೌರವಿಸುತ್ತೇನೆ.

ಷಿನ್‌ಜಿಯಾಂಗ್‌ನ ಉಯಿಘರ್ ಮುಸ್ಲಿಮರ ವಿಷಯ ಇನ್ನೂ ಗಂಭೀರ. ಅಲ್ಲಿ ನಡೆದದ್ದು ಮಾನವತೆಯ ವಿರುದ್ಧದ ಅಪರಾಧ ಆಗಿರಬಹುದು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ 2022ರಲ್ಲಿ ವರದಿ ಕೊಟ್ಟಿದೆ. ಬಹುಸಂಖ್ಯಾತ ಹಾನ್ ಜನರ ಜೊತೆ ಇದನ್ನು ಎತ್ತಿದರೆ ಹೆಚ್ಚಿನವರು ಅದು ಅಮೆರಿಕದ ಪ್ರಚಾರ ಎಂದುಬಿಡುತ್ತಾರೆ. ನಿಜವಾಗಿ ಹಾಗೆ ನಂಬಿದವರೂ ಇದ್ದಾರೆ, ಮಾತು ಬೇಡ ಎಂದು ಹಾಗೆನ್ನುವವರೂ ಇದ್ದಾರೆ. ರೈಲಿನ ಬಗ್ಗೆ ಅವರ ಹೆಮ್ಮೆಯನ್ನು ನಂಬಿ, ಈ ಮೌನವನ್ನೂ ಮರೆಯಬೇಡಿ.

ಪ್ರಶ್ನೆ: ಭಾರತ ಎಂದರೆ ಚೀನಾದವರಿಗೆ ಮೊದಲು ನೆನಪಾಗುವುದೇನು? 1962 ಅವರಿಗೂ ನೆನಪಿದೆಯೇ?
(ನಿವೃತ್ತ ಶಿಕ್ಷಕರು, ಚಳ್ಳಕೆರೆ)

ಗುರುಗಳೇ, ನಮಗೆ 1962 ಮನಸ್ಸಿನಲ್ಲಿ ಉಳಿದ ಗಾಯ. ಅವರಿಗೆ ಅದು ಸಣ್ಣ ಗಡಿ ಜಗಳ, ಶಾಲೆಯಲ್ಲೂ ಅಷ್ಟಾಗಿ ಹೇಳಿಕೊಡುವುದಿಲ್ಲ. ಅವರ ಇತಿಹಾಸದ ಪಾಠ ತುಂಬಿರುವುದು ಬ್ರಿಟನ್ ಮತ್ತು ಜಪಾನ್. ಅಫೀಮು ಮಾರಲು ಬಿಡಲಿಲ್ಲ ಎಂದು ಬ್ರಿಟಿಷರು ಹೂಡಿದ 1839ರ ಅಫೀಮು ಯುದ್ಧ, ಹಾಂಗ್‌ಕಾಂಗ್ ಕಳೆದುಕೊಂಡದ್ದು, 1860ರಲ್ಲಿ ಬ್ರಿಟಿಷರೂ ಫ್ರೆಂಚರೂ ಸೇರಿ ಬೀಜಿಂಗ್‌ನ ಹಳೆಯ ಬೇಸಿಗೆ ಅರಮನೆಗೆ ಬೆಂಕಿ ಇಟ್ಟದ್ದು, 1937ರಲ್ಲಿ ನಾನ್‌ಜಿಂಗ್‌ನಲ್ಲಿ ಜಪಾನಿ ಸೈನ್ಯದ ಹತ್ಯಾಕಾಂಡ. ಆ ನೂರು ವರ್ಷದ ಅವಮಾನ ಇನ್ನು ಬರಬಾರದು ಎನ್ನುವುದು ಅವರ ವಿದೇಶ ನೀತಿಯ ಬೇರು. ಆ ಅಫೀಮು ಬೆಳೆದದ್ದು ನಮ್ಮ ಬಿಹಾರ, ಮಾಳ್ವದ ಹೊಲಗಳಲ್ಲಿ, ಬ್ರಿಟಿಷರ ದಂಡಿನಲ್ಲಿ ನಮ್ಮ ಸಿಪಾಯಿಗಳೂ ಇದ್ದರು, ಶಾಂಘೈ ಬೀದಿಯಲ್ಲಿ ಬ್ರಿಟಿಷರ ಪೊಲೀಸರಾಗಿ ನಿಂತವರು ಸಿಖ್ಖರು. ಇದನ್ನು ನಾವು ಯೋಚಿಸುವುದೇ ಇಲ್ಲ. ನಾವೂ ಗುಲಾಮರಾಗಿದ್ದೆವು ನಿಜ, ಆದರೆ ಅವರಿಗೆ ಕಂಡದ್ದು ಆ ಸಮವಸ್ತ್ರ.

ಒಳ್ಳೆಯ ನೆನಪುಗಳೂ ಇವೆ. ಶ್ವೆನ್‌ಜಾಂಗ್, ಅಂದರೆ ನಮ್ಮ ಪುಸ್ತಕದ ಹ್ಯೂಯೆನ್‌ತ್ಸಾಂಗ್, ಅಲ್ಲಿನ ಪ್ರತಿ ಮಗುವಿಗೂ ಗೊತ್ತು. ನಮ್ಮ ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದು ಅವನ ಶೌರ್ಯವನ್ನೂ ಜನರ ಸ್ವಾಭಿಮಾನವನ್ನೂ ಬರೆದಿಟ್ಟವನು ಅವನೇ. ಸೊಲ್ಲಾಪುರದ ಡಾಕ್ಟರ್ ದ್ವಾರಕಾನಾಥ ಕೋಟ್ನಿಸ್ ಅವರ ಹೆಸರನ್ನು ನಮ್ಮಲ್ಲಿ ಈಗ ಎಷ್ಟು ಜನ ಕೇಳಿದ್ದಾರೆ? 1938ರಲ್ಲಿ ಐದು ಭಾರತೀಯ ವೈದ್ಯರ ತಂಡದಲ್ಲಿ ಚೀನಾಕ್ಕೆ ಹೋದರು, ಯುದ್ಧದ ಗಾಯಾಳುಗಳಿಗೆ ಹಗಲು ರಾತ್ರಿ ಆಪರೇಷನ್ ಮಾಡಿದರು, ಅಲ್ಲೇ ಮದುವೆಯಾದರು, 1942ರಲ್ಲಿ 32ನೇ ವಯಸ್ಸಿಗೆ ತೀರಿಕೊಂಡರು. ಶಿಜಿಯಾಜುವಾಂಗ್‌ನಲ್ಲಿ ಅವರ ಪ್ರತಿಮೆ ಇದೆ, ಜನ ಹೂ ಇಡುತ್ತಾರೆ. ಶಾಲೆಯಲ್ಲಿ ಅವರ ಬಗ್ಗೆ ಒಂದು ಪಾಠ ಹೇಳಲು ನಿಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಮೇಷ್ಟ್ರಾದವರಿಗೆ ದಯವಿಟ್ಟು ತಿಳಿಸಿ.

ಗಾಲ್ವಾನ್ ವಿಷಯಕ್ಕೆ ಬಂದರೆ, 2020ರ ಜೂನ್ 15ರಂದು ನಮ್ಮ 20 ಯೋಧರು ವೀರಮರಣ ಹೊಂದಿದರು. ಚೀನಾ ತನ್ನ ಕಡೆ ನಾಲ್ವರು ಸತ್ತರು ಎಂದು ಹೇಳಿದ್ದು ಎಂಟು ತಿಂಗಳ ಮೇಲೆ. ಆ ಲೆಕ್ಕವನ್ನು ಪ್ರಶ್ನಿಸಿ ಬರೆದ ಒಬ್ಬನಿಗೆ ಅಲ್ಲಿ ಎಂಟು ತಿಂಗಳ ಜೈಲಾಯಿತು. ತಪ್ಪು ಭಾರತದ್ದೇ ಎಂದು ಅಲ್ಲಿನವರಿಗೆ ತಿಳಿಸಲಾಗಿದೆ, ಬೇರೆ ಸುದ್ದಿ ಅವರಿಗೆ ಮುಟ್ಟುವುದಿಲ್ಲ. 2024ರ ಅಕ್ಟೋಬರ್ ಒಪ್ಪಂದದ ನಂತರ ಸ್ವಲ್ಪ ಸಡಿಲವಾಗಿದೆ, 2025ರಲ್ಲಿ ಮಾನಸ ಸರೋವರ ಯಾತ್ರೆ, ನೇರ ವಿಮಾನ ಎರಡೂ ಮತ್ತೆ ಶುರುವಾದವು. ಆದರೂ ಕಹಿ ಸತ್ಯ ಒಂದಿದೆ: ನಾವು ಅವರ ಬಗ್ಗೆ ಯೋಚಿಸುವ ಅರ್ಧದಷ್ಟೂ ಅವರು ನಮ್ಮ ಬಗ್ಗೆ ಯೋಚಿಸುವುದಿಲ್ಲ. ಅವರ ಕಣ್ಣು ಇರುವುದು ಅಮೆರಿಕದ ಮೇಲೆ.

ಪ್ರಶ್ನೆ: ಚೀನಾ ಮಾಲು ಅಷ್ಟು ಅಗ್ಗ ಹೇಗೆ? ಎಲ್ಲರೂ ಬಿಟ್ಟರೆ ಅವರು ಬಗ್ಗೋದಿಲ್ವಾ?
(ಎಲೆಕ್ಟ್ರಿಕಲ್ ಅಂಗಡಿಯವರು, ದಾವಣಗೆರೆ)

ಸರ್ಕಾರದ ಸಹಾಯ ಇದೆ, ಬಿಡಿಭಾಗ ಎಲ್ಲಾ ಒಂದೇ ಊರಲ್ಲಿ ಸಿಗುತ್ತದೆ. ಆದರೆ ಈಚಿನ ಅಗ್ಗಕ್ಕೆ ಕಾರಣ ಬೇರೆ. ಜನ ಖರ್ಚು ಮಾಡುತ್ತಿಲ್ಲ. ಆಸ್ಪತ್ರೆ, ಮಕ್ಕಳ ಓದು, ಮುಪ್ಪು ನೆನೆಸಿಕೊಂಡು ಉಳಿಸುತ್ತಾರೆ, ಅದರ ಮೇಲೆ ಮನೆ ಬೆಲೆ ಬಿದ್ದಿದೆ. ಕಾರ್ಖಾನೆಗಳು ಮಾತ್ರ ಓಡುತ್ತಲೇ ಇವೆ. ಹಾಗಾಗಿ ಒಬ್ಬರ ಮೇಲೊಬ್ಬರು ಬೆಲೆ ಇಳಿಸಿ ಎಲ್ಲರೂ ನಷ್ಟದ ಅಂಚಿಗೆ ಬಂದಿದ್ದಾರೆ. ನನಗೆ ಗೊತ್ತಿರುವ ಬಟ್ಟೆ ವ್ಯಾಪಾರಿಯೊಬ್ಬರು ಆರ್ಡರ್ ಬಿಡಬಾರದು ಎಂದು ಲಾಭವೇ ಇಲ್ಲದೆ ಮಾಲು ಕಳಿಸಿದ್ದಾರೆ. ನಮಗೆ ಅಗ್ಗವಾಗಿ ಕಾಣುವುದರ ಹಿಂದೆ ಅವರ ರಾತ್ರಿ ನಿದ್ದೆ ಹೋಗಿದೆ.

ಬಿಡುವ ಮಾತು ಕೇಳಲು ಚೆನ್ನ. 2024–25ರಲ್ಲಿ ನಾವು ಅವರಿಂದ ತಂದದ್ದು 11,300 ಕೋಟಿ ಡಾಲರ್ ಮಾಲು, ಕೊಟ್ಟದ್ದು 1,400 ಕೋಟಿ ಡಾಲರಿನದು. ಅದರಲ್ಲಿ ದೀಪಾವಳಿಯ ಸೀರಿಯಲ್ ಸೆಟ್ಟು ಎಷ್ಟೋ ಸಣ್ಣ ಪಾಲು. ಮಾತ್ರೆ ಮಾಡುವ ಕಚ್ಚಾವಸ್ತು, ಮೊಬೈಲ್ ಭಾಗ, ಸೋಲಾರ್ ಸೆಲ್, ಯಂತ್ರ, ಇವೇ ದೊಡ್ಡವು. 2025ರಲ್ಲಿ ಅಮೆರಿಕ ತೆರಿಗೆಯನ್ನು ಶೇ 145ಕ್ಕೆ ಏರಿಸಿದಾಗ ಚೀನಾ ಬಗ್ಗಲಿಲ್ಲ. ಮೋಟಾರಿನ ಆಯಸ್ಕಾಂತಕ್ಕೆ ಬೇಕಾದ ಅಪರೂಪದ ಖನಿಜಗಳ ರಫ್ತನ್ನು ಬಿಗಿ ಮಾಡಿತು. ಅವುಗಳನ್ನು ಶುದ್ಧೀಕರಿಸುವ ಕೆಲಸ ಶೇ 90ರಷ್ಟು ಅವರ ಕೈಯಲ್ಲೇ ಇದೆ. ಮೇ ತಿಂಗಳಲ್ಲಿ ಎರಡೂ ಕಡೆ ತೆರಿಗೆ ಇಳಿಯಿತು. ಅವತ್ತು ಚೀನಾದಲ್ಲಿ ಸರ್ಕಾರವನ್ನು ಇಷ್ಟಪಡದವರೂ ಖುಷಿಪಟ್ಟರು. ನಾವು ಮಾಡಬೇಕಾದ್ದು ಆ ಕಚ್ಚಾವಸ್ತು, ಬಿಡಿಭಾಗಗಳನ್ನು ಇಲ್ಲೇ ಮಾಡಲು ಕಲಿಯುವುದು. ಅದಕ್ಕೆ ವರ್ಷಗಟ್ಟಲೆ ಪಟ್ಟು ಹಿಡಿಯಬೇಕು, ಅಂಗಡಿ ಮುಂದೆ ಬೋರ್ಡ್ ಹಾಕಿದರೆ ಸಾಲದು.

ಪ್ರಶ್ನೆ: ಮಗಳನ್ನು ಚೀನಾದಲ್ಲಿ ಎಂಬಿಬಿಎಸ್‌ಗೆ ಕಳಿಸಬಹುದಾ? ಏಜೆಂಟರು ತುಂಬಾ ಕಡಿಮೆ ಖರ್ಚು ಅಂತಾರೆ.
(ರೈತರು, ಹಿರಿಯೂರು)

ಏಜೆಂಟರ ಮಾತಿನ ಮೇಲೆ ಹೋಗಬೇಡಿ ಅಣ್ಣಾ. 2021ರ ನವೆಂಬರ್‌ನಿಂದ ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮ ಬಿಗಿಯಾಗಿದೆ. ನೀಟ್ ಪಾಸಾಗಿರಬೇಕು. ಕೋರ್ಸು ಕನಿಷ್ಠ 54 ತಿಂಗಳು ಇರಬೇಕು, ಪಾಠ ಇಂಗ್ಲಿಷ್‌ನಲ್ಲಿ ಇರಬೇಕು, 12 ತಿಂಗಳ ಇಂಟರ್ನ್‌ಶಿಪ್ ಅದೇ ಸಂಸ್ಥೆಯಲ್ಲಿ ಆಗಬೇಕು, ವಾಪಸ್ ಬಂದ ಮೇಲೆ ಇಲ್ಲಿ ಇನ್ನೊಂದು ಪರೀಕ್ಷೆ ಮತ್ತು ಮತ್ತೆ ಇಂಟರ್ನ್‌ಶಿಪ್. ಆ ಪರೀಕ್ಷೆಯಲ್ಲಿ ಪಾಸಾಗುವವರಿಗಿಂತ ಫೇಲಾಗುವವರೇ ಜಾಸ್ತಿ. ಪಾಠ ಇಂಗ್ಲಿಷ್‌ನಲ್ಲಿದ್ದರೂ ರೋಗಿ ಮಾತಾಡುವುದು ಚೀನಿ ಭಾಷೆ, ಅದನ್ನು ಮೊದಲ ವರ್ಷದಿಂದಲೇ ಕಲಿಯದಿದ್ದರೆ ವಾರ್ಡಿನಲ್ಲಿ ಸುಮ್ನೆ ನಿಂತು ಬರಬೇಕಾಗುತ್ತದೆ. ಮಗಳಿಗೆ ಭಾಷೆ ಕಲಿಯುವ ಆಸೆ ಇದ್ದು, ಕಾಲೇಜು ಈ ಎಲ್ಲಾ ನಿಯಮಕ್ಕೆ ಸರಿಹೊಂದುತ್ತದೆ ಎಂದು ಆಯೋಗದ ವೆಬ್‌ಸೈಟ್ ನೋಡಿ ನೀವೇ ಖಚಿತ ಮಾಡಿಕೊಂಡರೆ ಕಳಿಸಿ. ಅಲ್ಲಿವರೆಗೆ ಯಾರಿಗೂ ಮುಂಗಡ ಕೊಡಬೇಡಿ.